ಎಡಗೈ ಕೋಟೆ

ಮಾರ್ಚ್ ೪, ಮಂಗಳವಾರ

ಇವತ್ತು ನನ್ನ ರಕ್ತ ಕೇಳಿಕೊಂಡು ಒಬ್ಬಳು ಮನೆಗೆ ಬಂದಿದ್ದಳು. ಈ ಊರಿನವರು ಇಷ್ಟು ವರ್ಷ ಕೇಳದೆಯೇ ಕುಡಿದಿದ್ದಾರೆ, ಕೇಳಿ ಕುಡಿಯುವವರನ್ನು ಇದೇ ಮೊದಲು ನೋಡುತ್ತಿದ್ದೇನೆ ಎಂದೆ. ಅವಳು ನಕ್ಕಳು. ನಾನು ತಮಾಷೆಗೆ ಹೇಳಿದ್ದಲ್ಲ.

ಮೂವತ್ತರ ಆಸುಪಾಸು, ಬಿಳಿ ಕೋಟು. ನದಿಯಾಚೆ ಹೊಸದಾಗಿ ಎದ್ದಿರುವ ಸಂಶೋಧನಾಲಯದವಳು. ಕೋಟಿನ ಹರಿದ ಕಿಸೆ ಹೊಲಿಸಲು ನನ್ನ ತಂಗಿಯ ಹೊಲಿಗೆ ಅಂಗಡಿಗೆ ಬಂದವಳು ಅಲ್ಲಿ ಸಿಕ್ಕಿಬಿದ್ದಿದ್ದಾಳೆ. ಅಂಗಡಿಯೆಂದರೆ ನಮ್ಮ ಮನೆಯ ಮುಂದಿನ ಕೋಣೆಯೇ. ತಂಗಿಯ ಮುಂದೆ ಎರಡು ನಿಮಿಷ ನಿಂತರೆ ಸಾಕು, ನಮ್ಮ ಮನೆತನದ ಕಥೆ ಗುಂಡಿಯ ಜೊತೆ ಉಚಿತ.

ಅಮ್ಮ ದುಡಿಯುತ್ತಿದ್ದ ಬಟ್ಟೆ ಗಿರಣಿಯ ಬಾಗಿಲು ಹಾಕಿದ್ದ ಏಳು ತಿಂಗಳಲ್ಲಿ ತಾಯಿಯ ಹೊಟ್ಟೆಯಲ್ಲಿದ್ದವರನ್ನು ಈ ಬಿಳಿಕೋಟು ಹುಡುಕುತ್ತಿದ್ದಾಳೆ. ಅರವತ್ತಾರು ವರ್ಷದ ಹಿಂದಿನ ಮಾತು. ಮಾಲೀಕ ಗೇಟಿಗೆ ಬೀಗ ಜಡಿದ, ಪಡಿತರದ ಅಂಗಡಿಗೂ ಜಡಿದ. ಕಾರ್ಮಿಕರ ಸಾಲುಮನೆಗಳಲ್ಲಿ ಆಲೂಗಡ್ಡೆಯ ಸಿಪ್ಪೆ ಬೇಯಿಸಿ ತಿಂದರು. ಅಂಥ ಹೊತ್ತಿನಲ್ಲಿ ನಾನು ಅಮ್ಮನ ಹೊಟ್ಟೆ ಸೇರಿದೆ. ಅತಿಥಿ ಬರುವ ಸಮಯವೇ ಅದು? ನನಗೆ ಆಗಲೂ ಬುದ್ಧಿ ಇರಲಿಲ್ಲ.

ಹಸಿವಿನಲ್ಲಿ ಬಸಿರಿಗೆ ಬಂದ ಮಗಳೊಬ್ಬಳು, ಹಸಿವು ತೀರಿದ ಮೇಲೆ ಅದೇ ತಾಯಿಗೆ ಹುಟ್ಟಿದ ಮಗಳೊಬ್ಬಳು. ಇಂಥ ಜೋಡಿ ಸಿಕ್ಕರೆ ಅವಳಿಗೆ ಹಬ್ಬ. ನನಗೆ ಅರವತ್ತೈದು, ತಂಗಿಗೆ ಐವತ್ತೊಂಬತ್ತು. ನಾನು ಮೂಟೆ, ಸಕ್ಕರೆ ಕಾಯಿಲೆ; ಬಸಿರಿನಲ್ಲೇ ಹಸಿದವರಿಗೆ ಇವೆರಡೂ ಹೆಚ್ಚಂತೆ. ಅವಳು ಹೊಲಿಗೆ ಸೂಜಿ, ಯಾವ ಕಾಯಿಲೆಯೂ ಇಲ್ಲ, ಬಾಯೊಂದನ್ನು ಬಿಟ್ಟರೆ.

ಊಟದ ಹೊತ್ತಾಗಿತ್ತು, ತಂಗಿ ಅವಳನ್ನೂ ಕೂರಿಸಿದಳು. ಬಿಳಿಕೋಟು ಉಣ್ಣುವುದು ಬಿಟ್ಟು ನಮ್ಮನ್ನೇ ನೋಡತೊಡಗಿದಳು. ನಾವು ಅಕ್ಕತಂಗಿಯರಿಬ್ಬರೂ ತಟ್ಟೆಯ ಸುತ್ತ ಎಡಗೈಯಿಂದ ಕೋಟೆ ಕಟ್ಟಿ, ಬಗ್ಗಿ, ಬಲಗೈಯಲ್ಲಿ ತಿನ್ನುತ್ತೇವೆ. ಅಮ್ಮನೂ ಹಾಗೆಯೇ ತಿನ್ನುತ್ತಿದ್ದಳು. ಊಟದ ಹೊತ್ತಿಗೆ ನನ್ನ ಎಡಗೈಗೆ ಬೇರೆ ಕೆಲಸವಿಲ್ಲ, ಪೇಪರು ಓದುವುದೂ ಕೈ ತೊಳೆದ ಮೇಲೆಯೇ.

"ಇದು ಎಲ್ಲಿಂದ ಬಂತು ಆಂಟಿ?" ಎಂದಳು.

"ಅಮ್ಮನಿಂದ," ಎಂದಳು ತಂಗಿ. ಆ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಅವಳ ಮದುವೆಯಲ್ಲೂ ಕಂಡಿರಲಿಲ್ಲ. ಆಮೇಲೆ ಒಪ್ಪಿಗೆ ಪತ್ರಕ್ಕೆ ಓದದೆಯೇ ಸಹಿ ಹಾಕಿದಳು.

ನಾನು ಓದಿ ಹೇಳುತ್ತೇನೆ ಎಂದೆ.

ಮಾರ್ಚ್ ೫, ಬುಧವಾರ

ಮೂವತ್ತನಾಲ್ಕು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು ನಾನು. ಶಾಲೆಯ ವಿಜ್ಞಾನ ಪುಸ್ತಕವೊಂದರ ಹನ್ನೊಂದು ಮುದ್ರಣಗಳು ನನ್ನ ಕೈಯಲ್ಲೇ ಹೋದವು. ಏಳನೆಯ ಪಾಠ, ಜಿರಾಫೆಯ ಚಿತ್ರ, ಅದರ ಕೆಳಗೆ: 'ಬದುಕಿನಲ್ಲಿ ಗಳಿಸಿದ ಗುಣಗಳು ಸಂತತಿಗೆ ದಾಟುವುದಿಲ್ಲ.' ಹನ್ನೊಂದು ಸಲವೂ 'ಸರಿ' ಎಂದು ಗುರುತು ಹಾಕಿದೆ. ಈಗ ಬಿಳಿಕೋಟು ಬಂದು, ಅದು ಅಷ್ಟು ಸರಳವಲ್ಲ ಆಂಟಿ, ಅನ್ನುತ್ತಾಳೆ. ಹಾಗಾದರೆ ಆ ಹನ್ನೊಂದು ಮುದ್ರಣ ಓದಿ ಪಾಸಾದವರನ್ನು ಈಗ ಯಾರು ಫೇಲು ಮಾಡಬೇಕು?

ಆದರೆ ಅವಳು ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಯಿತು ಎನ್ನುವುದೇ ನನ್ನ ಸಿಟ್ಟಿಗೆ ಕಾರಣ. ಜೀನುಗಳೆಂದರೆ ಅಚ್ಚಿನ ಮೊಳೆ ಜೋಡಿಸಿದ ಮೂಲಪಾಠ. ಹಸಿವು ಅದರಲ್ಲಿ ಒಂದು ಅಕ್ಷರವನ್ನೂ ಬದಲಾಯಿಸುವುದಿಲ್ಲ. ಆದರೆ ಪುಟದ ಅಂಚಿನಲ್ಲಿ ಸಣ್ಣ ಸಣ್ಣ ಗುರುತು ಹಾಕಿ ಹೋಗುತ್ತದೆ: ಈ ಸಾಲನ್ನು ಜೋರಾಗಿ ಓದು, ಇದನ್ನು ಹಾರಿಸು. ಗುರುತುಗಳು ರಾಸಾಯನಿಕ. ಬಸಿರಿನ ಮೊದಲ ತಿಂಗಳುಗಳಲ್ಲಿ ಹಾಕಿದ ಗುರುತು ಅರವತ್ತು ವರ್ಷದ ಮೇಲೂ ಉಳಿದಿರುವುದನ್ನು ಕಂಡಿದ್ದಾರಂತೆ. ಮುಂದಿನ ಪೀಳಿಗೆಗೆ ಹೊಸ ಪ್ರತಿ ತೆಗೆಯುವಾಗ ಬಹುಪಾಲು ಗುರುತುಗಳು ಅಳಿಸಿಹೋಗುತ್ತವೆ, ಆದರೆ ಎಲ್ಲವೂ ಹೋಗುವುದಿಲ್ಲ. ಗಿಡಗಳಲ್ಲಿ, ಇಲಿಗಳಲ್ಲಿ ಕೆಲವು ದಾಟಿ ಬಂದಿವೆ. ಮನುಷ್ಯರಲ್ಲಿ ಮೊಮ್ಮಕ್ಕಳವರೆಗೆ ದಾಟುತ್ತವೆಯೇ ಎಂದು ಕೇಳಿದ್ದಕ್ಕೆ, "ಇನ್ನೂ ಗೊತ್ತಿಲ್ಲ" ಎಂದಳು. ಕೋಟು ಹಾಕಿಕೊಂಡವರ ಬಾಯಿಂದ ಆ ಮಾತು ಕೇಳಿದ್ದು ನನ್ನ ಜನ್ಮದಲ್ಲಿ ಮೊದಲು. ಅವಳ ಮೇಲೆ ಸ್ವಲ್ಪ ಗೌರವ ಬಂತು. ತೋರಿಸಲಿಲ್ಲ.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತಾರೆ. ಮಗ್ಗದ ಮುಂದೆ ಇಪ್ಪತ್ತೆಂಟು ವರ್ಷ ನಿಂತ ನಮ್ಮಮ್ಮ ಈ ಗಾದೆ ಕೇಳಿದರೆ ಮೂಗು ಮುರಿಯುತ್ತಿದ್ದಳು. ಒಂದೇ ನೂಲಾದರೂ ಬಿಗಿ ಬೇರೆಯಾದರೆ ಬಟ್ಟೆ ಬೇರೆ, ಗಾದೆ ಕಟ್ಟಿದವನು ಮಗ್ಗ ನೋಡಿಲ್ಲ, ಅನ್ನುತ್ತಿದ್ದಳು.

ಮಾರ್ಚ್ ೬, ಗುರುವಾರ

ಒಪ್ಪಿಗೆ ಪತ್ರ ನಾಲ್ಕು ಪುಟ. ಒಂಬತ್ತು ತಪ್ಪು ಸಿಕ್ಕಿತು. ನಾಲ್ಕನೆಯ ಪುಟದ ತಳದಲ್ಲಿ, ಇರುವೆಯೂ ಕನ್ನಡಕ ಹಾಕಿಕೊಂಡು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಹೀಗಿದೆ: 'ಇಬ್ಬರ ಮಾದರಿಗಳಿಂದ ಮೊದಲು ಅವರ ರಕ್ತಸಂಬಂಧವನ್ನು ಖಚಿತಪಡಿಸಿಕೊಳ್ಳಲಾಗುವುದು. ಫಲಿತಾಂಶವನ್ನು ಇಬ್ಬರಿಗೂ ತಿಳಿಸಲಾಗುವುದು.'

ಆ ವಾಕ್ಯದಲ್ಲಿ ತಪ್ಪಿಲ್ಲ.

ಈ ದಿನಚರಿಯಲ್ಲೂ ಇದುವರೆಗೆ ಬರೆಯದ ಒಂದು ವಿಷಯವಿದೆ. ಬರೆಯುತ್ತೇನೆ. ನನಗೆ ಆರು ವರ್ಷ. ಅಮ್ಮನ ಪಕ್ಕದ ಮಗ್ಗದವಳು ಬಾಣಂತನದಲ್ಲಿ ಸತ್ತಳು. ಅವಳಿಗೆ ಯಾರೂ ಇರಲಿಲ್ಲ. ಹನ್ನೊಂದು ದಿನದ ಕೂಸನ್ನು ಗಿರಣಿಯ ಹಾಳು ಬಟ್ಟೆಯಲ್ಲಿ ಸುತ್ತಿಕೊಂಡು ಅಮ್ಮ ಮನೆಗೆ ಬಂದಳು. ಮಾತು ಕಡಿಮೆಯ ಮನುಷ್ಯ ಅಪ್ಪ, ನೋಡಿದ, ಎದ್ದು ಹಾಲು ತರಲು ಹೋದ. ಅಮ್ಮ ನನ್ನ ಗಲ್ಲ ಹಿಡಿದೆತ್ತಿ, "ಇವಳು ನಿನ್ನ ತಂಗಿ. ಯಾರು ಕೇಳಿದರೂ ನನ್ನ ಹೊಟ್ಟೆಯಿಂದ ಬಂದಳು ಅನ್ನಬೇಕು. ಅವಳು ಕೇಳಿದರೂ," ಎಂದಳು. ಆ ತಿಂಗಳೇ ನಾವು ನದಿಯ ಈಚೆ ದಡಕ್ಕೆ ಮನೆ ಬದಲಾಯಿಸಿದೆವು. ಅಪ್ಪ ಹೋದ, ಅಮ್ಮ ಹೋಗಿ ಇಪ್ಪತ್ತೆರಡು ವರ್ಷ. ಈಗ ಇದು ಗೊತ್ತಿರುವುದು ನನಗೊಬ್ಬಳಿಗೆ.

ಪತ್ರಕ್ಕೆ ಸಹಿ ಹಾಕುವುದಿಲ್ಲ. ಕಾರಣ ಹುಡುಕಬೇಕು.

ಮಾರ್ಚ್ ೯, ಭಾನುವಾರ

ಕಾರಣ ಸಿಕ್ಕಿತು, ಅದೂ ಎಂಥ ಕಾರಣ! ಸಂಶೋಧನಾಲಯ ನಡೆಯುವುದು ಗಿರಣಿ ಮಾಲೀಕನ ಮೊಮ್ಮಗನ ಟ್ರಸ್ಟಿನ ದಾನದಿಂದ. ತಾತ ಹಸಿವು ಹಂಚಿದ, ಮೊಮ್ಮಗ ಅದನ್ನು ಅಳೆಸುತ್ತಿದ್ದಾನೆ. ಬೆಂಕಿ ಇಟ್ಟವನ ವಂಶವೇ ಬೂದಿ ತೂಗುವುದಕ್ಕೆ ತಕ್ಕಡಿ ಹಿಡಿದು ಬಂದಿದೆ. ಅವನು ಗೇಟಿನ ಮುಂದೆ ನಿಂತು ಕ್ಷಮೆ ಕೇಳಲಿ, ಆಮೇಲೆ ಸೂಜಿ ಚುಚ್ಚಲಿ. ಪೇಪರಿನ ಸಂಪಾದಕರಿಗೆ ಎರಡು ಪುಟದ ಕಾಗದ ಬರೆದು ಅಂಚೆಗೆ ಹಾಕಿ ಬಂದೆ. ಇಷ್ಟು ನಿಜವಾದ ಮಾತನ್ನು ಇಷ್ಟು ಸುಳ್ಳು ಉದ್ದೇಶಕ್ಕೆ ನಾನು ಹಿಂದೆಂದೂ ಬರೆದಿರಲಿಲ್ಲ.

ಊಟದ ಹೊತ್ತಿಗೆ ತಂಗಿಗೆ ಹೇಳಿದೆ. ಭಾನುವಾರವಾದ್ದರಿಂದ ಎರಡು ಬೀದಿ ಆಚೆ ಇರುವ ಅವಳ ಮಗಳು ಮೊಮ್ಮಗಳನ್ನು ಬಿಟ್ಟು ಹೋಗಿದ್ದಳು. ನಾಲ್ಕು ವರ್ಷದ ಆ ಪಿಳ್ಳೆಯೂ ಬಿಸ್ಕತ್ತಿನ ತಟ್ಟೆಗೆ ಎಡಗೈ ಕೋಟೆ ಕಟ್ಟಿಕೊಂಡು ನನ್ನನ್ನು ದುರುಗುಟ್ಟಿ ನೋಡುತ್ತಿತ್ತು. ನಾನು ಅದರ ಬಿಸ್ಕತ್ತು ಕೇಳಿಯೇ ಇರಲಿಲ್ಲ.

ತಂಗಿ ಮೊದಲು ನಕ್ಕಳು, ಇದೂ ನನ್ನ ಮಾಮೂಲಿ ಹೋರಾಟ ಅಂದುಕೊಂಡು. ಬೀದಿದೀಪಕ್ಕೂ ಬರೀತೀಯ, ನಲ್ಲಿಗೂ ಬರೀತೀಯ, ಬರಿ, ಆದರೆ ರಕ್ತ ಕೊಡು, ಎಂದಳು. ಕೊಡುವುದಿಲ್ಲ ಎಂದೆ. ನಗು ನಿಂತಿತು.

"ಅಮ್ಮನ ಮೂಗು ನನಗೆ ಬರಲಿಲ್ಲ ಅಕ್ಕಾ. ಬಣ್ಣ ಬರಲಿಲ್ಲ. ನಿನಗೆ ಕಾಯಿಲೆಯಾದ್ರೂ ಬಂತು. ನನಗೆ ಬಂದಿದ್ದು ಈ ಕೈಯೊಂದೇ. ಅದು ಅಮ್ಮನ ರಕ್ತದಲ್ಲಿ ಬಂತು ಅಂತ ಕಾಗದದಲ್ಲಿ ಬರೆದು ಕೊಡ್ತಾರೆ ಅಂದ್ರೆ, ಅದಕ್ಕೂ ನೀನೇ ಅಡ್ಡ ಕೂತಿದ್ದೀಯಲ್ಲ."

ನನ್ನ ಬಾಯಲ್ಲಿ ಆಲೂಗಡ್ಡೆ ಇತ್ತು. ಇನ್ನೊಂದನ್ನೂ ತುರುಕಿಕೊಂಡೆ.

ಮಾರ್ಚ್ ೧೦, ಸೋಮವಾರ

ಮಾತಿಲ್ಲ. ಹೊಲಿಗೆ ಯಂತ್ರ ಮಾತ್ರ ನನ್ನನ್ನು ಬೈಯುತ್ತಿದೆ.

ಮಾರ್ಚ್ ೧೪, ಶುಕ್ರವಾರ

ತಂಗಿಗೆ ಹೇಳದೆ ಸಂಶೋಧನಾಲಯಕ್ಕೆ ಹೋಗಿದ್ದೆ. ಗಿರಣಿಯ ಗೋದಾಮೇ ಅದು, ಒಳಗೆ ಗಾಜು, ಬೆಳಕು, ಶೀತಲ ಪೆಟ್ಟಿಗೆಗಳು. ಅಮ್ಮ ನೂಲಿನ ಉಂಡೆ ಇಳಿಸುತ್ತಿದ್ದ ಕಟ್ಟೆಯ ಮೇಲೆ ಈಗ ಕಾಫಿ ಯಂತ್ರ ಕೂತಿದೆ.

ನನ್ನ ಗೆಳತಿಯೊಬ್ಬಳ ವಿಷಯ ಎಂದು ಶುರು ಮಾಡಿದೆ. ಆ ಗೆಳತಿಗೆ ನಾಲ್ಕನೆಯ ಪುಟದ ಕೊನೆಯ ಸಾಲು ಬೇಡ, ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಬಹುದೇ ಎಂದು ಕೇಳಿದೆ. ಬಿಳಿಕೋಟು ಪೆನ್ನು ಕೆಳಗಿಟ್ಟಳು. ಆಗುವುದಿಲ್ಲ, ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೂ ತಿಳಿಯಬೇಕು, ಅದು ನಿಯಮ, ಎಂದಳು. ನಿಮ್ಮ ಗೆಳತಿ ಭಾಗವಹಿಸದೇ ಇರಬಹುದು, ಕಾರಣ ಯಾರೂ ಕೇಳುವುದಿಲ್ಲ, ಎಂದೂ ಹೇಳಿದಳು.

"ಕೇಳ್ತಾಳೆ ಕಣಮ್ಮಾ, ಒಬ್ಬಳು ಕೇಳ್ತಾಳೆ," ಎಂದೆ.

ಅವಳು ಗೆಳತಿಯ ಬಗ್ಗೆ ಮತ್ತೇನೂ ಕೇಳದೆ ಕಾಫಿ ತಂದುಕೊಟ್ಟಳು. ಸಕ್ಕರೆ ಹಾಕಿರಲಿಲ್ಲ, ಜ್ಞಾಪಕ ಇಟ್ಟುಕೊಂಡಿದ್ದಾಳೆ. ಒಪ್ಪಿಗೆ ಪತ್ರದ ಒಂಬತ್ತು ತಪ್ಪುಗಳ ಪಟ್ಟಿ ಕೊಟ್ಟು ಬಂದೆ. ಹೋದದ್ದಕ್ಕೆ ಅಷ್ಟಾದರೂ ಕೆಲಸವಾಯಿತು.

ಮಾರ್ಚ್ ೧೭, ಸೋಮವಾರ

ತಂಗಿ ಪೆಟ್ಟಿಗೆ ಕಟ್ಟಿದಳು. ಮಗಳ ಮನೆಗೆ ಹೋಗುತ್ತಾಳಂತೆ, ನಾಲ್ಕು ದಿನಕ್ಕಲ್ಲ, ಇರುವುದಕ್ಕೇ. ಅವಳ ಗಂಡ ತೀರಿಕೊಂಡಾಗಿನಿಂದ ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿದ್ದೇವೆ. ಹೋಗುವಾಗ ನನ್ನ ಕಡೆ ನೋಡದೆ ಗೋಡೆಗೆ ಹೇಳಿದಳು, ಅಮ್ಮ ಕೊನೆಯಲ್ಲಿ ನಿನ್ನ ಕೈಯನ್ನೇ ಹಿಡಕೊಂಡಿದ್ದಳು, ನನಗೆ ಆಗಲೇ ಗೊತ್ತಾಗಬೇಕಿತ್ತು, ಅಮ್ಮ ನಿನ್ನೊಬ್ಬಳ ಸ್ವತ್ತು ಅಂತ.

ಅಮ್ಮ ಕೊನೆಯಲ್ಲಿ ನನ್ನ ಕೈ ಹಿಡಿದದ್ದು 'ಹೇಳಬೇಡ' ಎನ್ನುವುದಕ್ಕೆ. ಗುಟ್ಟನ್ನು ಹೇಳದೆ ಅದನ್ನು ಹೇಗೆ ಹೇಳುವುದು?

ಹೇಳಿದೆ.

ಬಾಗಿಲಲ್ಲಿ ನಿಂತೇ ಹೇಳಿದೆ, ಪೆಟ್ಟಿಗೆ ಅವಳ ಕೈಯಲ್ಲಿರುವಾಗಲೇ. ಪಕ್ಕದ ಮಗ್ಗದವಳು, ಹನ್ನೊಂದು ದಿನ, ಹಾಳು ಬಟ್ಟೆ, ಅಪ್ಪ ಹಾಲಿಗೆ ಹೋದದ್ದು, ಎಲ್ಲ. ಐವತ್ತೊಂಬತ್ತು ವರ್ಷ ಇಟ್ಟುಕೊಂಡ ಕಥೆ ಮುಗಿಯುವುದಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ಅವಳು ಅಳಲಿಲ್ಲ. ಪೆಟ್ಟಿಗೆ ಕೆಳಗಿಟ್ಟು, ಅದರ ಮೇಲೆ ಕೂತಳು.

"ನಿನಗೆ ಯಾವಾಗಿಂದ ಗೊತ್ತು?"

"ನೀನು ಬಂದ ದಿನದಿಂದ."

"ಚಿಕ್ಕಂದಿನಲ್ಲಿ ಕಪಾಟಿನ ಮೇಲಿನ ಬಿಸ್ಕತ್ತಲ್ಲಿ ನನಗೆ ಯಾವಾಗಲೂ ಒಂದು ಕಮ್ಮಿ ಕೊಡ್ತಿದ್ದೆಯಲ್ಲ, ಅದಕ್ಕೇನಾ?"

"ಅದು ನೀನು ಚಿಕ್ಕವಳು ಅಂತ ಕಣೇ. ತಂಗಿ ಅಂದ ಮೇಲೆ ಮೋಸ ಮಾಡದೆ ಇರೋಕಾಗುತ್ತಾ?"

ಆಮೇಲೆ ಎದ್ದಳು.

"ಆರು ವರ್ಷದ ಕತ್ತೆಗೆ ಗೊತ್ತಿತ್ತು. ನನಗೆ ಗೊತ್ತಾಗೋಕೆ ನಾನು ಅಜ್ಜಿಯಾಗಬೇಕಿತ್ತು," ಎಂದು ಪೆಟ್ಟಿಗೆ ಎತ್ತಿಕೊಂಡು ಹೋದಳು.

ಮಾರ್ಚ್ ೧೮, ಮಂಗಳವಾರ

ಒಬ್ಬಳಿಗೇ ಅಡುಗೆ ಮಾಡುವ ಪಾತ್ರೆ ನಮ್ಮ ಮನೆಯಲ್ಲಿ ಇಲ್ಲ ಎಂದು ಗೊತ್ತಾಯಿತು.

ಮಾರ್ಚ್ ೨೦, ಗುರುವಾರ

ಬೀದಿದೀಪ ಮತ್ತೆ ಕೆಟ್ಟಿದೆ. ದೂರು ಬರೆಯಲಿಲ್ಲ.

ಮಾರ್ಚ್ ೨೪, ಸೋಮವಾರ

ಒಂಬತ್ತು ಗಂಟೆಗೆ ಹೊಲಿಗೆ ಯಂತ್ರದ ಸದ್ದು. ಹೊಲಿದು ಕೊಡುತ್ತೇನೆಂದು ಒಪ್ಪಿಕೊಂಡ ಬಟ್ಟೆಗಳು ಉಳಿದಿವೆ. ಅಂಗಡಿಯ ಬೀಗದ ಕೈ ಅವಳ ಹತ್ತಿರವೇ ಇದೆ. ನಡುಮನೆಗೆ ಕಾಲಿಡಲಿಲ್ಲ. ಕೆಮ್ಮಿದೆ, ಪಾತ್ರೆ ಬೀಳಿಸಿದೆ, ರೇಡಿಯೊ ಜೋರು ಮಾಡಿದೆ. ಕಲ್ಲು ಕರಗಲಿಲ್ಲ.

ಮಧ್ಯಾಹ್ನ ಪರದೆಯ ಸಂದಿಯಿಂದ ಇಣುಕಿದೆ. ಮಗಳ ಮನೆಯ ಡಬ್ಬಿ ತೆರೆದು ಉಣ್ಣುತ್ತಿದ್ದಳು. ಎಡಗೈ ಡಬ್ಬಿಯನ್ನು ಸುತ್ತುವರಿದಿತ್ತು. ಒಂದು ತುತ್ತು ತಿಂದು ಆ ಕೈಯನ್ನು ನೋಡಿದಳು. ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಇನ್ನೊಂದು ತುತ್ತು ತಿನ್ನುವಷ್ಟರಲ್ಲಿ ಅದು ತಾನಾಗಿಯೇ ಎದ್ದು ಬಂದು ಮತ್ತೆ ಡಬ್ಬಿಯ ಸುತ್ತ ಕೂತಿತು.

ನಾನು ಒಳಗೆ ಬಂದು ಒಂದು ಲೋಟ ನೀರು ಕುಡಿದೆ.

ಮಾರ್ಚ್ ೨೯, ಶನಿವಾರ

ಬೆಳಿಗ್ಗೆ ಪರದೆ ಸರಿಸಿ, "ಚಪ್ಪಲಿ ಹಾಕ್ಕೋ," ಎಂದಳು. ಹನ್ನೆರಡು ದಿನದ ಮೇಲೆ ಬಂದ ಮೊದಲ ಮಾತು. ಎಲ್ಲಿಗೆ ಎಂದು ಕೇಳುವ ಧೈರ್ಯವಾಗಲಿಲ್ಲ. ಸೇತುವೆ ದಾಟುವಾಗಲೂ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಸೂಜಿಗೆ ಏನು, ನಡೆಯುತ್ತದೆ. ಮೂಟೆಯ ಪಾಡು ನನಗೇ ಗೊತ್ತು.

ಬಿಳಿಕೋಟಿನ ಎದುರು ಕೂತು ತಂಗಿ ಎಲ್ಲವನ್ನೂ ತಾನೇ ಹೇಳಿದಳು, ಪಕ್ಕದ ಮಗ್ಗದಿಂದ ಹಿಡಿದು. ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದಳು. ಆಮೇಲೆ ಎಡಗೈಯನ್ನು ಮೇಜಿನ ಮೇಲೆ, ಅಂಗಡಿಯಲ್ಲಿ ಬಟ್ಟೆ ಬಿಚ್ಚಿಡುವ ಹಾಗೆ, ಇಟ್ಟಳು.

"ರಕ್ತದಲ್ಲಿ ಬಂದಿಲ್ಲ ಅಂದ ಮೇಲೆ ಇದು ನನಗೆ ಎಲ್ಲಿಂದ ಬಂತಮ್ಮಾ? ನನ್ನ ಮೊಮ್ಮಗಳಿಗೆ ಎಲ್ಲಿಂದ ಬಂತು?"

ಬಿಳಿಕೋಟು ಯೋಚಿಸಿ ಯೋಚಿಸಿ ಹೇಳಿದಳು. ಕೋಟೆ ಕಟ್ಟುವ ಗುರುತು ಅಂತ ಯಾವ ಜೀನಿನ ಮೇಲೂ ಯಾರೂ ಕಂಡಿಲ್ಲ, ಬರೀ ನೋಡಿ ಕಲಿತದ್ದೂ ಇರಬಹುದು. ಆದರೆ ಇಲಿಗಳ ವಿಷಯ ಹೇಳುತ್ತೇನೆ ಎಂದಳು. ಕೆಲವು ತಾಯಿ ಇಲಿಗಳು ಮರಿಗಳನ್ನು ಬಹಳ ನೆಕ್ಕುತ್ತವೆ, ಕೆಲವು ಅಷ್ಟಾಗಿ ನೆಕ್ಕುವುದಿಲ್ಲ. ಹೆಚ್ಚು ನೆಕ್ಕಿಸಿಕೊಂಡ ಮರಿಗಳು ದೊಡ್ಡವಾದ ಮೇಲೆ ಸುಲಭಕ್ಕೆ ಬೆದರುವುದಿಲ್ಲ, ಅವುಗಳ ಮಿದುಳಿನಲ್ಲಿ ಆ ಗುರುತುಗಳೇ ಬೇರೆ. ಹುಟ್ಟಿದ ಕೂಡಲೇ ಮರಿಗಳನ್ನು ಅದಲುಬದಲು ಮಾಡಿ ನೋಡಿದರು. ಮರಿಗೆ ಬಂದದ್ದು ಹೆತ್ತವಳ ಗುರುತಲ್ಲ, ಸಾಕಿದವಳದು. ಆ ಹೆಣ್ಣುಮರಿ ತಾಯಾದಾಗ ತನ್ನ ಮರಿಗಳನ್ನೂ ಸಾಕಿದವಳ ಹಾಗೆಯೇ ನೆಕ್ಕಿತು.

ತಂಗಿ ಮೇಜಿನ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ನಮ್ಮಮ್ಮ ನೆಕ್ಕಲಿಲ್ಲ ಕಣಮ್ಮಾ. ಸೌಟಲ್ಲಿ ಕುಟ್ಟಿದಳು."

"ಇಬ್ಬರಿಗೂನಾ?"

"ಇಬ್ಬರಿಗೂ. ಒಂದೇ ಸೌಟು," ಎಂದೆ ನಾನು.

ತಂಗಿಯ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು. ಆಮೇಲೆ ಅತ್ತಳು ಕೂಡ, ಆದರೆ ಅದು ಅವಳ ವಿಷಯ, ಇಲ್ಲಿ ಬರೆಯುವುದಿಲ್ಲ.

ಅಧ್ಯಯನದಲ್ಲಿ ಇಂಥವರಿಗೆ ಇದುವರೆಗೆ ಜಾಗವೇ ಇರಲಿಲ್ಲವಂತೆ. ಹೊಸದಾಗಿ ಒಂದು ಪಟ್ಟಿ ತೆರೆಯಲು ಮೇಲಿನವರನ್ನು ಕೇಳುತ್ತೇನೆ, ಹಸಿದ ತಾಯಿ ಸಾಕಿದ ಮಕ್ಕಳ ಪಟ್ಟಿ, ಎಂದಳು ಬಿಳಿಕೋಟು. ತಂಗಿ ಅರ್ಜಿಯಲ್ಲಿ ತಾನೇ ಬರೆದಿದ್ದ 'ಸಂಬಂಧ: ತಂಗಿ' ಎನ್ನುವುದರ ಮೇಲೆ ಬಿಳಿಕೋಟು ಗೆರೆ ಎಳೆದು, ಪಕ್ಕದಲ್ಲಿ 'ರಕ್ತಸಂಬಂಧವಿಲ್ಲ' ಎಂದು ಬರೆದಳು. ತಪ್ಪೇನಿಲ್ಲ, ಅವಳ ಕೆಲಸ ಅದು.

ನಾನು ಪೆನ್ನು ಕೇಳಿ ತೆಗೆದುಕೊಂಡೆ. ಹೊಡೆದು ಹಾಕಿದ 'ತಂಗಿ'ಯ ಕೆಳಗೆ ಚುಕ್ಕೆಗಳ ಸಾಲು ಇಟ್ಟು, ಅಂಚಿನಲ್ಲಿ 'ಇರಲಿ' ಎಂದು ಬರೆದೆ. ಇದೇನು ಆಂಟಿ ಎಂದಳು. ಮುದ್ರಣಾಲಯದ ಗುರುತು, ಹೊಡೆದು ಹಾಕಿದ್ದನ್ನು ಇದ್ದ ಹಾಗೆಯೇ ಬಿಡಿ ಎಂದರ್ಥ, ಮೊಳೆ ಜೋಡಿಸುವವರು ಯಾರೂ ಇದನ್ನು ಮೀರುವ ಹಾಗಿಲ್ಲ, ಎಂದೆ.

ಬಿಳಿಕೋಟು ಎರಡನ್ನೂ ಇದ್ದ ಹಾಗೆಯೇ ಬಿಟ್ಟಳು. ಇಬ್ಬರೂ ರಕ್ತ ಕೊಟ್ಟೆವು. ನನ್ನದು ಸಿಗುವುದಕ್ಕೆ ಮೂರು ಸಲ ಚುಚ್ಚಬೇಕಾಯಿತು. ಮಾಲೀಕನ ಮೊಮ್ಮಗನ ಮೇಲಿನ ಸಿಟ್ಟು ಇದರಿಂದ ಎಳ್ಳಷ್ಟೂ ಕಡಿಮೆಯಾಗಿಲ್ಲ.

ಪೆಟ್ಟಿಗೆ ಸಂಜೆ ವಾಪಸು ಬಂತು.

ಏಪ್ರಿಲ್ ೧೩, ಭಾನುವಾರ

ಈ ಮನೆಯಲ್ಲಿ ನನ್ನ ಬೆಲೆ ಬಿದ್ದುಹೋಗಿದೆ. ಹೊಸ ಪಟ್ಟಿಗೆ ಒಪ್ಪಿಗೆ ಸಿಕ್ಕಿತು. ಅದರ ಮೊದಲ ವ್ಯಕ್ತಿ ತಂಗಿ. ವಾರಕ್ಕೆ ಎರಡು ಸಲ ಬಿಳಿಕೋಟು ಬಂದು ಅವಳನ್ನು ಕೂರಿಸಿಕೊಂಡು ಕೇಳುತ್ತಾಳೆ, ಬರೆಯುತ್ತಾಳೆ. ನನ್ನಂಥವರು ನಲವತ್ತು ಜನ ಸಿಕ್ಕಿದ್ದಾರಂತೆ, ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಹಸಿದವಳು ನಾನು, ಮೆರವಣಿಗೆ ಅವಳದು. ಫಲಿತಾಂಶಕ್ಕೆ ಇನ್ನೂ ಒಂದು ವರ್ಷ ಬೇಕಂತೆ. ಅಷ್ಟರಲ್ಲಿ ತಂಗಿ ಇಡೀ ಬೀದಿಗೆ ಇಲಿಗಳ ಕಥೆ ಹೇಳಿ ಮುಗಿಸಿದ್ದಾಳೆ. ತನ್ನನ್ನು ಹೆತ್ತವಳ ಹೆಸರು ಗಿರಣಿಯ ಹಳೆಯ ಹಾಜರಿ ಪುಸ್ತಕದಲ್ಲಿ ಇದ್ದೀತು ಎಂದೂ ಕೇಳಿಕೊಂಡು ಬಂದಿದ್ದಾಳೆ. ಬುಧವಾರ ಹೋಗಿ ಹುಡುಕಬೇಕಂತೆ. ಸಣ್ಣ ಅಕ್ಷರ ಓದುವುದಕ್ಕೆ ನಾನು ಬೇಕು.

ಸಂಪಾದಕರು ಕೊನೆಗೂ ನನ್ನ ಕಾಗದ ಹಾಕಿದ್ದಾರೆ, ಎರಡು ಪುಟವನ್ನು ಎಂಟು ಸಾಲಿಗೆ ಇಳಿಸಿ. ಅದರಲ್ಲಿ ನಾಲ್ಕು ತಪ್ಪು. ಊಟಕ್ಕೆ ಕೂತಾಗಲೇ ಪೇಪರು ಬಂತು. ಎಡಗೈಯಲ್ಲಿ ಅದನ್ನು ಎತ್ತಿ ಹಿಡಿದು ತಂಗಿಗೂ ಪಿಳ್ಳೆಗೂ ಜೋರಾಗಿ ಓದಿ, ಒಂದೊಂದು ತಪ್ಪಿಗೂ ಸಂಪಾದಕರ ವಂಶವನ್ನು ವಿಚಾರಿಸಿಕೊಂಡೆ.

ಓದಿ ಮುಗಿಸಿ ನೋಡಿದರೆ ತಟ್ಟೆಯಲ್ಲಿ ಎರಡು ಆಲೂಗಡ್ಡೆ ಮಾಯ. ಒಂದು ಪಿಳ್ಳೆಯ ಕೆನ್ನೆಯೊಳಗಿತ್ತು, ಇನ್ನೊಂದನ್ನು ತಂಗಿ ಆಗಲೇ ನುಂಗಿದ್ದಳು. ಅರವತ್ತೈದು ವರ್ಷದಲ್ಲಿ ನನ್ನ ತಟ್ಟೆಯಿಂದ ಯಾರೂ ಏನನ್ನೂ ಕದ್ದಿರಲಿಲ್ಲ. ಇವರಿಗೆ ಇವತ್ತು ಅದು ಹೇಗೆ ಸಾಧ್ಯವಾಯಿತೋ ನನಗೆ ತಿಳಿಯುತ್ತಿಲ್ಲ.